ನಾಕು ಬಟ್ಟು ಕೆಳಗ

ಏಳು ದಿನ ಬೋರಲು ಮಲಗಿದ್ದೆ ಕಲಬುರ್ಗಿ ದವಾಖಾನಿಯೊಳಗ.
ಮುಖ ಎತ್ತಂಗಿಲ್ಲ, ಮಗ್ಗಲಾಗಂಗಿಲ್ಲ.
ಕಂಡದ್ದಂದ್ರ ಶಹಾಬಾದ್ ಫರಸಿ ಒಂದೇ,
ಅದರ ಸಂದಿಯೊಳಗ ಒಂದು ಇರುವಿ
ಯಾರದೋ ಬಿಸ್ಕೀಟಿನ ಚೂರು ಹೊತ್ತು
ನನ್ನ ಮೂಗಿನ ಕೆಳಗ ಹಾದು ಹೋಗೂತನ
ಉಸುರು ಬಿಗಿಹಿಡಿದು ಕಾಯ್ದೆ,
ಹೊಳಿ ದಂಡ್ಯಾಗ ಕಾಯೋ ಹಂಗ.

"ಕಣ್ಣಿನ ಪರದೆಗೆ ತೂತು ಬಿದ್ದಿತ್ತು," ಅಂದ್ರು ಡಾಕ್ಟರಮ್ಮ,
"ಲೇಸರಿನಿಂದ ತ್ಯಾಪಿ ಹಚ್ಚೀವಿ, ಒಳಗ ಗಾಳಿ ತುಂಬೀವಿ."
ನನಗ ನಗಿ ಬಂತು.
ಸುರಪುರ ಬಸ್ ಸ್ಟ್ಯಾಂಡಿನ ಹಿಂದ ಇಪ್ಪತ್ತೆರಡು ವರ್ಷ
ನಾನೂ ಅದನ್ನೇ ಮಾಡೀನಿ ಅಮ್ಮಾರ, ಪಂಕ್ಚರ್ ಅಂಗಡಿ ನಂದು,
ನೀವು ರೊಕ್ಕ ಜಾಸ್ತಿ ತಗೋತೀರಿ ಅಷ್ಟೇ.
ಆಕಿ ನಗಲಿಲ್ಲ. ಚೀಟಿ ಬರದುಕೊಟ್ಳು:
ಭಾರ ಎತ್ತಬ್ಯಾಡ, ಮುಕ್ಕರಿಬ್ಯಾಡ, ಗುಡ್ಡ ಏರಬ್ಯಾಡ,
ಇಮಾನ ಹತ್ತಬ್ಯಾಡ.
ಇಮಾನ!
ಬಿಲ್ಲಿನ ಮಾತು ಆಕಿ ಕೇಳಲಿಲ್ಲ, ನಾನು ಹೇಳಲಿಲ್ಲ.

ಬಿದಿರಿನ ಬಿಲ್ಲು, ಅಪ್ಪ ಎಣ್ಣಿ ಕುಡಿಸಿ, ಕೆಂಡಕ್ಕ ಹಿಡಿದು ಬಗ್ಗಿಸಿದ್ದು.
ಬಾಣದ ತುದಿಗೆ ನಾ ಮಸೆದ ಸೈಕಲ್ ಕಡ್ಡಿ,
ಬಾಲಕ್ಕ ನೈಲಾನ್ ದಾರ.
ಬ್ಯಾಸಗಿಗೆ ಕೃಷ್ಣಾ ಇಳಿದು
ತಿಂಥಣಿ ಸೇತುವೆ ಕೆಳಗ ಮಡುವು ಮಡುವಾಗಿ ನಿಂತಾಗ
ಕೊರವ ಮೀನ ಉಸುರಿಗೆ ಮ್ಯಾಲ ಬರತಾವ,
ಒಂದು ಗುಳ್ಳಿ ಬಿಟ್ಟು ತಿರುಗಿ ಹೋಗತಾವ.
"ಗುಳ್ಳಿಗೆ ಹೊಡಿಬ್ಯಾಡ, ಮೀನಿಗೂ ಹೊಡಿಬ್ಯಾಡ," ಅಂತಿದ್ದ ಅಪ್ಪ.
"ನೀರು ಸುಳ್ಳು ಹೇಳತದ.
ಮೀನ ಕಂಡಲ್ಲಿಂದ ನಾಕು ಬಟ್ಟು ಕೆಳಗ ಅದ.
ಸುಳ್ಳು ಎಷ್ಟಂತ ಗೊತ್ತಿದ್ರ ಸಾಕು, ಖರೇ ಸಿಗತದ."

ಈಗ ನೀರು ನನ್ನ ಕಣ್ಣಾಗೇ ಅದ.
ಹದಿನೈದನೇ ದಿನಕ್ಕ ಒಂದು ಗೆರಿ ಮೂಡಿತು,
ಮ್ಯಾಲ ಬೆಳಕು, ಕೆಳಗ ಮಬ್ಬು.
ತಲಿ ಅಲುಗಿದ್ರ ತುಳುಕತದ.
ದಿನಕ್ಕ ಕೂದಲೆಳಿಯಷ್ಟು ಇಳೀತದ,
ನಾರಾಯಣಪುರದ ಗೇಟು ಯಾರೋ ತುಸು ತೆರೆದಿಟ್ಟಂಗ.

ಚಹಾ ಸುರುವಿದ್ರ ಬಸಿ ದಾಟಿ ನೆಲಕ್ಕ ಬೀಳತದ.
ಹುಲಿಗೆವ್ವ ಬಯ್ಯಲಿಲ್ಲ. ಅರಿವಿ ತಂದು ಒರಸಿದಳು,
"ಕಪ್ಪಿನ ಅಂಚಿಗೆ ಕೆಟಲಿ ತಾಗಿಸಿ ಸುರುವು," ಅಂದಳು.
ದಿನಕ್ಕ ನಾಕು ಸಲ ಆಕಿ ನನ್ನ ರೆಪ್ಪಿ ತೆರೀತಾಳ,
ಮೆಂತ್ಯದ ವಾಸನಿಯ ಬೆರಳು,
ಒಂದು ಹನಿ. ಐದು ನಿಮಿಷ. ಮತ್ತೊಂದು ಸೀಸೆ.
ದಿನಕ್ಕೊಂದು ಇದ್ದಲಿ ಗೀಟು ಗ್ವಾಡಿಗೆ,
ಬಿಲ್ಲು ತೂಗುಹಾಕಿದ ಗೂಟದ ಪಕ್ಕದಾಗೇ.
ನಾ ದವಾಖಾನಿಯೊಳಗಿದ್ದಾಗ ಆಕಿ ಹುರಿ ಬಿಚ್ಚಿಟ್ಟಾಳ.
"ಸುಮ್ಮ ಬಿಗದೇ ಇಟ್ರ ಅದರ ನಡ ಹೋಗತದ," ಅಂತಾಳ,
ಮೀನ ಹಸನ ಮಾಡೋದು ಬಿಟ್ರ
ಬಿಲ್ಲಿನ ಸುದ್ದಿಗೇ ಬಾರದಾಕಿ.

"ಎಡಗಣ್ಣಿಲೆ ಗುರಿ ಕಲಿ," ಅಂದ ತಮ್ಮ ಜಟ್ಟೆಪ್ಪ.
ಬರೇ ಕೋಲು ಹಿಡದು ನೋಡಿದೆ.
ಎಡಗಣ್ಣು ನೋಡತದ, ಖರೆ.
ಬರೇ ನೋಡತದ. ಅದಕ್ಕ ಹಸಿವಿಲ್ಲ.

ಇವತ್ತು ಮೂವತ್ತಾರನೇ ಗೀಟು. ಗುಳ್ಳಿ ಬಟಾಣಿಯಷ್ಟಾಗ್ಯದ.
ಅಂಗಡಿ ತೆಗೆದು ಕುಂತೆ.
ಜಾಕು, ಪಾನಾ ಎಲ್ಲಾ ಹುಡುಗ ಮೌಲಾಲಿ ಹಿಡದ.
ಹಾಲಿನವನ ಟ್ಯೂಬು ಮಾತ್ರ ನಾನೇ ಬೋಗಾಣಿಯೊಳಗ ಅದ್ದಿ
ಬಗ್ಗಿ ನೋಡಿದೆ.
ಬಗ್ಗಿದ್ರ ಕಣ್ಣಿನ ಗುಳ್ಳಿ ಸೀದಾ ನಡುವಿಗೆ ಬಂದು ನಿಂದರತದ.
ನೀರಾಗೂ ಒಂದು ಗುಳ್ಳಿ.
ಯಾವದು ನಂದು, ಯಾವದು ಟ್ಯೂಬಿಂದು?
ಕದಲದೆ ಕಾಯ್ದೆ.
ಒಂದು ನಿಂತೇ ಇತ್ತು.
ಒಂದು ಏರಿತು, ಒಡೀತು, ಅಲ್ಲೇ ಇನ್ನೊಂದು ಹುಟ್ಟಿತು.
ಹುಟ್ಟಿದ್ದು ಕಂಡ ಜಾಗಕ್ಕಿಂತ ತುಸು ಕೆಳಗ ಬೆರಳಿಟ್ಟೆ.
ಗಾಳಿ ತಣ್ಣಗ ಬೆರಳಿಗೆ ಬಡೀತು.

ಸಂಜಿಗೆ ಮನಿಗೆ ಹೋದವನೇ ಕೇಳಿದೆ,
"ಹುರಿ ಎಲ್ಲಿ ಇಟ್ಟೀದಿ?"
ಹುಲಿಗೆವ್ವ ಸೀಸೆ ಅಲುಗಿಸಿದಳು, ಬೆರಳು ಚಾಚಿದಳು.
"ಮ್ಯಾಲ ನೋಡು," ಅಂದಳು.